ಜಗಲಿಯ ಮೇಲಿನ ಪೆಟ್ಟಿಗೆ

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಮಗ್ಗೆ ಎಂಬ ಊರಿದೆ. ದೂರದಿಂದ ಬರುತ್ತಿದ್ದ ಕಾಗದಗಳ ಮೇಲೆ ಅದನ್ನು ಎಷ್ಟೋ ಮಂದಿ ‘ಮಗ್ಗಿ’ ಎಂದು ಬರೆಯುತ್ತಿದ್ದರು. ಕಾಗದ ಮಾತ್ರ ಸರಿಯಾಗಿಯೇ ಬಂದು ಸೇರುತ್ತಿತ್ತು. ಬಯಲುಸೀಮೆಯವರು ನಮ್ಮನ್ನು ಮಲೆನಾಡಿನವರೆನ್ನುತ್ತಾರೆ. ಸಕಲೇಶಪುರದಾಚೆ ಘಟ್ಟದ ಅಂಚಿನಲ್ಲಿರುವವರು, ನಿಮ್ಮದೇನು ಮಳೆ, ನೀವು ಬಯಲಿನವರು ಎಂದು ನಗುತ್ತಾರೆ. ಹೀಗೆ ಎರಡರ ನಡುವೆ ಇರುವ ಊರಿನ ಇತಿಹಾಸವನ್ನು ಬರೆಯಲು ಯಾರೂ ಅಷ್ಟಾಗಿ ಮನಸ್ಸು ಮಾಡುವುದಿಲ್ಲ. ಇತಿಹಾಸವೆಂದೊಡನೆ ನಮ್ಮ ಕಡೆಯವರು ಟಿಪ್ಪು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ತೋರಿಸಿ ಸುಮ್ಮನಾಗುತ್ತಾರೆ. ನಾನು ಇಂದು ಹೇಳಹೊರಟಿರುವುದು ಕೋಟೆಯ ಕಥೆಯನ್ನಲ್ಲ, ಒಂದು ಮರದ ಪೆಟ್ಟಿಗೆಯ ಕಥೆಯನ್ನು. ಮಗ್ಗೆಯ ಮಗ್ಗುಲಿನ ಒಂದು ಸಣ್ಣ ಹಳ್ಳಿಯಲ್ಲಿ, ನಮ್ಮ ದೊಡ್ಡಪ್ಪನವರ ಮನೆಯ ಜಗಲಿಯ ಮೇಲೆ, ಗೋಡೆಗೆ ಹೊಡೆದ ಹಲಗೆಯೊಂದರಲ್ಲಿ ಕುಳಿತಿದ್ದ ರೇಡಿಯೋ ಅದು. ಅದರ ಕಥೆಯನ್ನು ಬಾನುಲಿಯಲ್ಲಿಯೇ ಹೇಳುವ ಅವಕಾಶ ಒದಗಿದ್ದು ನನ್ನ ಪಾಲಿನ ಒಂದು ತಮಾಷೆ.

ಆ ಪೆಟ್ಟಿಗೆಯ ವಂಶಾವಳಿ ಸಾಮಾನ್ಯವಾದದ್ದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ತೆರೆದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಮುಂದೆ ಆ ಹೆಸರನ್ನೇ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಅದೊಂದನ್ನೇ ಉಳಿಸಿಕೊಂಡಿತು. ಧಾರವಾಡದ ಕೇಂದ್ರ 1950ರಲ್ಲಿ ಆರಂಭವಾಯಿತು. ಮೈಸೂರಿನದು 1955ರಲ್ಲಿ ಬೆಂಗಳೂರಿಗೆ ಹೋಯಿತು. 1965ರಲ್ಲಿ ಭದ್ರಾವತಿಯೂ 1976ರಲ್ಲಿ ಮಂಗಳೂರೂ ಸೇರಿಕೊಂಡವು. ನಕ್ಷೆಯಲ್ಲಿ ನೋಡಿದರೆ ನಾವು ಇವೆಲ್ಲದರ ನಡುವೆಯೇ ಇದ್ದೆವು. ಆದರೆ ಧ್ವನಿಗೆ ನಕ್ಷೆ ತಿಳಿಯದು. ಹಗಲಿನಲ್ಲಿ ಮಧ್ಯಮ ತರಂಗಗಳು ನೆಲವನ್ನು ಹಿಡಿದು ಬರುತ್ತವೆ. ಗುಡ್ಡಬೆಟ್ಟಗಳನ್ನು ಹತ್ತಿಳಿಯುವಷ್ಟರಲ್ಲಿ ಅವುಗಳಿಗೆ ಏದುಸಿರು ಬಂದಿರುತ್ತದೆ. ಕಿರುತರಂಗಗಳಾದರೋ ಮೇಲಕ್ಕೆ ಚಿಮ್ಮಿ, ವಾಯುಮಂಡಲದ ಮೇಲ್ಪದರಕ್ಕೆ ಬಡಿದು, ಸಾವಿರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ಆದ್ದರಿಂದ ನಮ್ಮ ಜಗಲಿಯಲ್ಲಿ ಬೆಂಗಳೂರು ಗೊರಗೊರ ಎನ್ನುತ್ತಿದ್ದಾಗಲೂ ಸಮುದ್ರದಾಚೆಯ ಸಿಲೋನು ನೆರೆಮನೆಯಷ್ಟು ಹತ್ತಿರವಾಗಿ ಹಾಡುತ್ತಿತ್ತು.

ಸಿಲೋನು ಹತ್ತಿರವಾದುದಕ್ಕೆ ಭೌತವಿಜ್ಞಾನವಲ್ಲದೆ ರಾಜಕೀಯವೂ ಕಾರಣವಾಗಿತ್ತು. 1952ರಲ್ಲಿ ವಾರ್ತಾ ಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರ್ ಅವರು ಸಿನಿಮಾ ಹಾಡು ಜನರ ಅಭಿರುಚಿಯನ್ನು ಕೆಡಿಸುತ್ತದೆಂದು ನಂಬಿದ್ದರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮಾಯವಾದವು. ಜನ ಚಳವಳಿ ಮಾಡಲಿಲ್ಲ, ಅರ್ಜಿ ಬರೆಯಲಿಲ್ಲ. ಸುಮ್ಮನೆ ಗುಂಡಿಯನ್ನು ತಿರುಗಿಸಿ ಕೊಲಂಬೋಗೆ ಹೋದರು. ಐದು ವರ್ಷಗಳಾದ ಮೇಲೆ, 1957ರ ಅಕ್ಟೋಬರಿನಲ್ಲಿ, ಸರ್ಕಾರವೇ ವಿವಿಧ ಭಾರತಿಯನ್ನು ತೆರೆದು ಹಾಡುಗಳನ್ನು ಮರಳಿ ಕರೆಯಿತು. ಸ್ವತಂತ್ರ ಭಾರತದಲ್ಲಿ ಜನ ಸರ್ಕಾರವನ್ನು ಇಷ್ಟು ಸದ್ದಿಲ್ಲದೆ ಸೋಲಿಸಿದ ಪ್ರಸಂಗ ಇನ್ನೊಂದಿದೆಯೇ ಎಂದು ನಾನು ಆಗಾಗ ಯೋಚಿಸುವುದುಂಟು.

ನಮ್ಮ ಮನೆಗೆ ರೇಡಿಯೋ ಬಂದದ್ದು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ. ಅದಕ್ಕೆ ಅಂಚೆ ಕಛೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ದೊಡ್ಡಪ್ಪ ಆ ಪುಸ್ತಕವನ್ನು ಕಂದಾಯದ ರಸೀತಿಗಳ ಜೊತೆಗೆ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಸಂಜೆ ಜಗಲಿಯಲ್ಲಿ ಜನ ಸೇರುತ್ತಿದ್ದರು. ಬೆಂಚಿನ ಮೇಲೆ ದೊಡ್ಡಪ್ಪ ಮತ್ತು ಶಾಲೆಯ ಮೇಷ್ಟ್ರು. ಚಾಪೆಯ ಮೇಲೆ ನೆಂಟರಿಷ್ಟರು. ಬಾಗಿಲಿನ ಮರೆಯಲ್ಲಿ ಹೆಂಗಸರು. ಅಂಗಳದಲ್ಲಿ, ಕಂಬಳಿಕೊಪ್ಪೆ ಹೊದ್ದು, ತೋಟದ ಲೈನುಮನೆಗಳಿಂದ ಬಂದ ಕೂಲಿಯವರು. ಮಳೆ ಜೋರಾದರೂ ಅವರು ಜಗಲಿ ಹತ್ತುತ್ತಿರಲಿಲ್ಲ, ಹತ್ತಿರೆಂದು ಕರೆದವರೂ ಇರಲಿಲ್ಲ. ಧ್ವನಿ ಎಲ್ಲರನ್ನೂ ಸಮವಾಗಿ ಮುಟ್ಟುತ್ತಿತ್ತು, ಸೂರು ಮಾತ್ರ ಮುಟ್ಟುತ್ತಿರಲಿಲ್ಲ. ಒಟ್ಟಾಗಿ ಕುಳಿತು ಕೇಳುತ್ತಿದ್ದ ಆ ಕಾಲವನ್ನು ಹೊಗಳುವ ಮನಸ್ಸಾದಾಗಲೆಲ್ಲ ಆ ನೆನೆದ ಕಂಬಳಿಗಳ ವಾಸನೆ ನನ್ನನ್ನು ತಡೆಯುತ್ತದೆ.

ಆ ಪೆಟ್ಟಿಗೆಯ ವಿಶೇಷವೆಂದರೆ ಲೋಕವೆಲ್ಲವೂ ಅದರ ಒಂದೇ ಬಾಗಿಲಿನಿಂದ ಬರುತ್ತಿತ್ತು. ಬತ್ತದ ಬೆಂಕಿರೋಗಕ್ಕೆ ಏನು ಸಿಂಪಡಿಸಬೇಕೆಂದು ಹೇಳಿದ ಮೇಲೆ ರಾಜಕುಮಾರರ ಚಿತ್ರದ ಹಾಡು. ಹಾಡು ಮುಗಿದ ಮೇಲೆ ದೆಹಲಿಯಿಂದ ವಾರ್ತೆ. ವಾರ್ತೆಯ ಮೇಲೆ ನಾಟಕ. ದಿನನಿತ್ಯದ ಬಾಳು, ದೇಶದ ರಾಜಕೀಯ, ಸಿನಿಮಾ ಇವು ಮೂರು ಬೇರೆ ಬೇರೆ ಎಂಬ ಭಾವನೆ ನನಗೆ ಬಂದದ್ದು ಕಾಲೇಜಿನಲ್ಲಿ ಪುಸ್ತಕಗಳನ್ನು ಓದಿದ ಮೇಲೆ. ಜಗಲಿಯಲ್ಲಿ ಅವುಗಳಿಗೆ ಒಂದೇ ಗಂಟಲಿತ್ತು. ‘ರೇಡಿಯೋದಲ್ಲಿ ಬಂದಿದೆ’ ಎಂದರೆ ವಾದ ಅಲ್ಲಿಗೆ ಮುಗಿದಂತೆ.

ದೊಡ್ಡಪ್ಪನವರ ಈ ನಂಬಿಕೆ ಕುರುಡಾಗಿರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ನಮ್ಮದು ಗೇಣಿ ಬೇಸಾಯ. ಮೂರು ತಲೆಮಾರಿನಿಂದ ಉಳುತ್ತಿದ್ದ ಗದ್ದೆ ಕಾಗದದ ಮೇಲೆ ಬೇರೆಯವರದಾಗಿತ್ತು. ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಯ ಜಮೀನು ಸರ್ಕಾರದಲ್ಲಿ ಸೇರಿತೆಂದೂ, ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಡಬೇಕೆಂದೂ, ತಾಲ್ಲೂಕಿನ ಭೂನ್ಯಾಯಮಂಡಳಿ ತೀರ್ಪು ಕೊಡುವುದೆಂದೂ ನಾವು ತಿಳಿದದ್ದು ಆ ಪೆಟ್ಟಿಗೆಯಿಂದ. ಹೋಟೆಲಿನಲ್ಲಿ ಕುಳಿತ ಬುದ್ಧಿವಂತರು, ಅದೆಲ್ಲ ಆಗುಹೋಗುವ ಮಾತಲ್ಲ ಎಂದರು. ದೊಡ್ಡಪ್ಪ ರೇಡಿಯೋವನ್ನು ನಂಬಿ ಅರ್ಜಿ ಕೊಟ್ಟರು. ವಿಚಾರಣೆ ಆಯಿತು, 1976ರಲ್ಲಿ ಗದ್ದೆ ನಮ್ಮ ಹೆಸರಿಗೆ ಬಂದಿತು. ಒಂದು ಧ್ವನಿ ಅನ್ನದ ವಿಷಯದಲ್ಲಿ ನಿಜ ಹೇಳಿತೆಂದು ಕಣ್ಣಾರೆ ಕಂಡವನು ಉಳಿದ ವಿಷಯಗಳಲ್ಲಿ ಅದನ್ನು ಅನುಮಾನಿಸುವುದು ಸುಲಭವಲ್ಲ. ನನ್ನ ಕಥೆಯ ಕಷ್ಟವೆಲ್ಲ ಇರುವುದು ಇಲ್ಲಿಯೇ.

1975ರ ಜೂನ್ 26ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರು ಆಕಾಶವಾಣಿಯಲ್ಲಿ ಮಾತನಾಡಿ, ತುರ್ತುಪರಿಸ್ಥಿತಿ ಘೋಷಣೆಯಾಗಿದೆ, ಗಾಬರಿಗೆ ಕಾರಣವಿಲ್ಲ ಎಂದು ತಿಳಿಸಿದರು. ನಮ್ಮಲ್ಲಿ ಯಾರಿಗೂ ಗಾಬರಿಯಾಗಲಿಲ್ಲ. ಮುಂಗಾರು ಹಿಡಿದಿತ್ತು, ಸಸಿಮಡಿಯ ಕೆಲಸವಿತ್ತು. ಅಂದೇ ಬೆಂಗಳೂರಿನಲ್ಲಿ, ಸಂಸತ್ತಿನ ಸಮಿತಿಯೊಂದರ ಸಭೆಗೆಂದು ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿಯವರ ಬಂಧನವಾಯಿತು. ಪತ್ರಿಕೆಗಳಿಗೆ ಪೂರ್ವಪರಿಶೀಲನೆ ಬಂದಿತು. ನಮ್ಮ ಜಿಲ್ಲೆಯವರೇ ಆದ, ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಹೊಳೆನರಸೀಪುರದ ಎಚ್. ಡಿ. ದೇವೇಗೌಡರೂ ಬೆಂಗಳೂರಿನ ಸೆರೆಮನೆ ಸೇರಿದರು. ಜುಲೈ 1ರಂದು ಇಪ್ಪತ್ತು ಅಂಶಗಳ ಕಾರ್ಯಕ್ರಮ ಹೊರಟಿತು; ಅನಂತರ ಆ ಅಂಶಗಳನ್ನು ಜಗಲಿಯ ಮಕ್ಕಳಾದ ನಾವು ಮಗ್ಗಿಯಂತೆ ಬಾಯಿಪಾಠ ಒಪ್ಪಿಸುತ್ತಿದ್ದೆವು.

ಅದೇ ತಿಂಗಳು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಬೇರೊಂದು ದೊಡ್ಡ ಘಟನೆ ನಡೆಯಿತು. ಜುಲೈ 18ರ ಹೊತ್ತಿಗೆ ಬ್ರೆಜಿಲ್ ದೇಶದ ಪರಾನಾ ಪ್ರಾಂತ್ಯದಲ್ಲಿ ಬಿದ್ದ ಮಂಜಿಗೆ ಕೋಟ್ಯಂತರ ಕಾಫಿ ಗಿಡಗಳು ಕಪ್ಪಾಗಿ ಸತ್ತವು. ಮುಂದಿನ ಎರಡು ವರ್ಷಗಳಲ್ಲಿ ಲೋಕದ ಕಾಫಿ ಬೆಲೆ ಹಲವು ಪಟ್ಟು ಏರಿತು. ಸಕಲೇಶಪುರದ ಸುತ್ತಿನ ಬೆಳೆಗಾರರ ಕಾಫಿಯೆಲ್ಲ ಆಗ ಕಾಫಿ ಮಂಡಳಿಯ ಒಟ್ಟುರಾಶಿಗೆ ಹೋಗುತ್ತಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಆದುದರಿಂದ ಬ್ರೆಜಿಲಿನ ಮಂಜು ನಮ್ಮ ಜಗಲಿಗೆ ಸುದ್ದಿಯಾಗಿ ಬಂದದ್ದು ಎಷ್ಟೋ ತಿಂಗಳ ಮೇಲೆ, ಪಕ್ಕದ ತೋಟದ ರೈಟರ ಬಾಯಿಯಿಂದ. ಅಂಗಳದಲ್ಲಿ ಕುಳಿತಿದ್ದವರ ಕೈಹಿಡಿದದ್ದು ಕಾಫಿಯೇ ಆದರೂ ಕಾಫಿಯ ಲೋಕವನ್ನು ಪೆಟ್ಟಿಗೆ ಅವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಮೇಷ್ಟ್ರ ಪ್ರಸಂಗ ನಡೆದದ್ದು ಆ ಆಗಸ್ಟಿನಲ್ಲಿ. ವಾರ್ತೆ ಮುಗಿದಿತ್ತು. ಮೇಷ್ಟ್ರು ಮೆಲ್ಲಗೆ, “ಗೌಡ್ರೇ, ಹಾಸನದಲ್ಲಿ ನನ್ನ ಜೊತೆ ಓದಿದವರೊಬ್ಬರನ್ನು ಹಿಡಿದುಕೊಂಡು ಹೋಗಿದ್ದಾರೆ. ಯಾಕೆ ಅಂತ ಕೇಳೋ ಹಾಗೂ ಇಲ್ಲ” ಎಂದರು.

“ಹಂಗೇನಾದ್ರೂ ಆಗಿದ್ರೆ ರೇಡಿಯೋದಲ್ಲಿ ಹೇಳ್ತಿರಲಿಲ್ವಾ ಮೇಷ್ಟ್ರೇ?” ಎಂದು ದೊಡ್ಡಪ್ಪ ಕೇಳಿದರು.

“ಹೇಳೋದಿಲ್ಲ. ಅದೇ ಸುದ್ದಿ.”

ದೊಡ್ಡಪ್ಪನವರಿಗೆ ಸಿಟ್ಟು ಬಂದಿತು. ಮೇಷ್ಟ್ರ ಮನೆತನದವರೂ ಭೂಸುಧಾರಣೆಯಲ್ಲಿ ಒಂದಿಷ್ಟು ಗದ್ದೆ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದರು. “ಗೇಣಿ ಹೋಗೋ ಹೊಟ್ಟೆಯುರಿ ನಿಮ್ಮ ಬಾಯಲ್ಲಿ ಮಾತಾಡ್ತಾ ಐತೆ” ಎಂದುಬಿಟ್ಟರು. ಮೇಷ್ಟ್ರು ಎದ್ದು, ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಕೊಡೆ ಬಿಚ್ಚಿ ನಡೆದರು. ಮುಂದಿನ ಹತ್ತೊಂಬತ್ತು ತಿಂಗಳು ಬೆಂಚಿನ ಆ ತುದಿ ಖಾಲಿಯಾಗಿತ್ತು. ನಾನು ಆಗ ಹೈಸ್ಕೂಲಿನ ಹುಡುಗ. ಮಾತನಾಡಿದವರ ಹೊಟ್ಟೆಯೊಳಗೆ ಏನಿದೆ ಎಂದು ಹುಡುಕಿದರೆ ಮಾತು ನಿಜವೋ ಸುಳ್ಳೋ ಎಂದು ನೋಡುವ ಕೆಲಸ ತಪ್ಪುತ್ತದೆ ಎಂಬುದನ್ನು ಅಂದು ಕಂಡೆ. ಅರ್ಥವಾದದ್ದು ಬಹಳ ತಡವಾಗಿ.

ಕಾಡಿನ ಅಂಚಿನಲ್ಲಿ ಬೆಳೆದ ನಮಗೆ ಒಂದು ಅಭ್ಯಾಸವಿದೆ. ರಾತ್ರಿ ದಾರಿಯಲ್ಲಿ ಜೀರುಂಡೆಯ ಸದ್ದು ಇದ್ದಕ್ಕಿದ್ದಂತೆ ನಿಂತರೆ ನಾವೂ ನಿಲ್ಲುತ್ತೇವೆ. ಆ ಇಪ್ಪತ್ತೊಂದು ತಿಂಗಳಲ್ಲಿ ಬಾನುಲಿಯಲ್ಲಿ ಹಾಗೆ ನಿಂತ ಸದ್ದುಗಳು ಎಷ್ಟೋ ಇದ್ದವು. ನಾನು ಗಮನಿಸಿದ್ದು ಒಂದನ್ನು ಮಾತ್ರ, ಅದೂ ಸಿನಿಮಾದ ಹುಚ್ಚಿನಿಂದ. 1976ರ ಬೇಸಿಗೆಯಲ್ಲಿ ಕಿಶೋರ್ ಕುಮಾರ್ ಅವರ ಹಾಡುಗಳು ಬರುವುದು ನಿಂತುಹೋಯಿತು. 1972ರ ‘ಕುಳ್ಳ ಏಜೆಂಟ್ 000’ ಚಿತ್ರಕ್ಕಾಗಿ ಕನ್ನಡದಲ್ಲಿಯೂ ಹಾಡಿ ಅವರು ನಮ್ಮವರೇ ಆಗಿಬಿಟ್ಟಿದ್ದರು. ಹಳೆಯ ತಟ್ಟೆ ಸವೆದಿರಬೇಕು, ಹೊಸದು ತರಿಸುತ್ತಿರಬೇಕು ಎಂದು ಗೆಳೆಯರೆಲ್ಲ ಊಹಿಸಿಕೊಂಡೆವು. ಸರ್ಕಾರದ ಪ್ರಚಾರದಲ್ಲಿ ಪಾಲುಗೊಳ್ಳಲು ಅವರು ಒಪ್ಪದಿದ್ದುದರಿಂದ, ಆ ಮೇ ತಿಂಗಳಲ್ಲಿ ಅವರ ಹಾಡುಗಳನ್ನು ಆಕಾಶವಾಣಿ, ದೂರದರ್ಶನಗಳಿಂದ ಹೊರಗಿಡಲಾಗಿತ್ತೆಂಬುದು ತುರ್ತುಪರಿಸ್ಥಿತಿಯ ಅನಂತರ ನೇಮಕವಾದ ಶಾ ಆಯೋಗದ ಮುಂದೆ ಬಯಲಾಯಿತು. ಕೇಸ್ಕರ್ ಅವರ ಕಾಲದಲ್ಲಿ ಹಾಡು ಕೀಳೆಂಬ ಕಾರಣಕ್ಕೆ ಹೊರಗೆ ಹೋಗಿತ್ತು. ಈ ಸಲ ಹಾಡಿನಲ್ಲಿ ಯಾವ ದೋಷವೂ ಇರಲಿಲ್ಲ. ಹಾಡುಗಾರ ಬಗ್ಗಲಿಲ್ಲ, ಅಷ್ಟೇ.

ಇನ್ನೊಂದು ಮೌನವನ್ನು ನಾನು ಗಮನಿಸಲೇ ಇಲ್ಲ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯಿಂದ 1970ರಲ್ಲಿ ತಯಾರಾದ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿಯೇ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅವರಿಗೆ ಉಬ್ಬಸದ ಬಾಧೆಯಿತ್ತು. ಎಂಟು ತಿಂಗಳಾದ ಮೇಲೆ ಪೆರೋಲಿನ ಮೇಲೆ ಬಿಟ್ಟರು. ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ಪ್ರಧಾನಿ ಚುನಾವಣೆಯನ್ನು ಘೋಷಿಸಿದ್ದರು. ಚುನಾವಣೆಯ ಸುದ್ದಿಯನ್ನು ನಾವು ಜಗಲಿಯಲ್ಲಿ ಕೇಳಿದೆವು. ಸ್ನೇಹಲತಾ ಅವರ ವಿಷಯ ನನಗೆ ತಿಳಿದದ್ದು ಹಾಸನದ ಕಾಲೇಜಿಗೆ ಸೇರಿದ ಮೇಲೆ, ವಾಚನಾಲಯದಲ್ಲಿ, ಒಂದು ಹಳೆಯ ಪತ್ರಿಕೆಯಿಂದ. ನಮ್ಮಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಸೆರೆಮನೆಯ ಉಸಿರಾಟ ನಮಗೆ ಕೇಳಿಸಿರಲಿಲ್ಲ. ಕೊಲಂಬೋ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಇದರಲ್ಲಿ ಗುಡ್ಡಗಳ ತಪ್ಪೇನೂ ಇರಲಿಲ್ಲ.

1977ರ ಮಾರ್ಚ್ 20ರ ರಾತ್ರಿ ದೊಡ್ಡಪ್ಪ ಬಹಳ ಹೊತ್ತು ರೇಡಿಯೋದ ಮುಂದೆ ಕುಳಿತಿದ್ದರು. ಮರುದಿನ ಬೆಳಗಿನ ವಾರ್ತೆಯಲ್ಲಿ, ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರು ರಾಜ್ ನಾರಾಯಣ್ ಅವರ ಎದುರು ಸೋತರೆಂಬ ಸುದ್ದಿ ಬಂದಿತು. ಇಪ್ಪತ್ತೊಂದು ತಿಂಗಳು ಯಾವ ಧ್ವನಿ ಅವರ ಗುಣಗಾನ ಮಾಡಿತ್ತೋ ಅದೇ ಧ್ವನಿ, ಅದೇ ಸಮಾಧಾನದಲ್ಲಿ, ಅವರ ಸೋಲನ್ನೂ ಓದಿತು. ಕರ್ನಾಟಕದ ಇಪ್ಪತ್ತೆಂಟು ಸ್ಥಾನಗಳಲ್ಲಿ ಇಪ್ಪತ್ತಾರು ಕಾಂಗ್ರೆಸ್ಸಿಗೇ ಬಂದಿದ್ದವು. ಕೈತಪ್ಪಿದವು ಎರಡೇ: ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ನಮ್ಮ ಹಾಸನ. ಭೂಮಿ ಪಡೆದ ನಾಡು ಕೊಟ್ಟವರನ್ನು ಮರೆಯಲಿಲ್ಲ ಎಂದು ರಾಜ್ಯದ ಫಲಿತಾಂಶವನ್ನು ವಿವರಿಸುವುದುಂಟು; ಅದರಲ್ಲಿ ಸತ್ಯವಿದೆ. ಆದರೆ ಭೂಮಿ ಪಡೆದವರು ಹಾಸನದಲ್ಲಿಯೂ ಇದ್ದರಲ್ಲ! ದೊಡ್ಡಪ್ಪ ಯಾರಿಗೆ ಮತ ಕೊಟ್ಟರೋ ಸಾಯುವವರೆಗೂ ಹೇಳಲಿಲ್ಲ. ಮುಂದಿನ ವಾರಗಳಲ್ಲಿ ಸೆರೆಮನೆಗಳ ಸುದ್ದಿಯೆಲ್ಲ ಅದೇ ಪೆಟ್ಟಿಗೆಯಿಂದ ಹೊರಬಂದಿತು. ಅವರು ಕೇಳಿದರು, ಏನೂ ಮಾತನಾಡಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಸಂಜೆ ನನ್ನ ಕೈಗೆ ಒಂದು ಚೀಲ ಕೊಟ್ಟು, “ಮೇಷ್ಟ್ರ ಮನೆಗೆ ಕೊಟ್ಟು ಬಾ. ನಮ್ಮ ಗದ್ದೇದು ಅನ್ನು” ಎಂದರು. ಚೀಲದಲ್ಲಿ ಅಕ್ಕಿ ಇತ್ತು. ಕ್ಷಮೆ ಕೇಳುವ ಮಾತು ನಮ್ಮ ಕಡೆಯ ಗಂಡಸರಿಗೆ ಬರುವುದಿಲ್ಲ. ಮೇಷ್ಟ್ರು ಅಕ್ಕಿ ತೆಗೆದುಕೊಂಡರು. ಎರಡು ದಿನ ಬಿಟ್ಟು ಖಾಲಿ ಚೀಲವನ್ನು ಮಡಚಿ ಹಿಡಿದು ತಾವೇ ಬಂದು ಬೆಂಚಿನ ಆ ತುದಿಯಲ್ಲಿ ಕುಳಿತರು. ಯಾರೂ ಹಳೆಯದನ್ನು ಎತ್ತಲಿಲ್ಲ.

1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ನೆರೆಯ ಚಿಕ್ಕಮಗಳೂರಿನಿಂದ, ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಸ್ಥಾನಕ್ಕೆ, ಉಪಚುನಾವಣೆಗೆ ನಿಂತರು. ಎದುರಾಳಿ ವೀರೇಂದ್ರ ಪಾಟೀಲರು. ದೇಶವಿದೇಶಗಳ ಪತ್ರಕರ್ತರು ನಮ್ಮ ಕಾಫಿ ಗುಡ್ಡಗಳಲ್ಲಿ ದಾರಿ ಕೇಳುತ್ತ ಅಲೆದರು. ದೊಡ್ಡಪ್ಪನೂ ಮೇಷ್ಟ್ರೂ ಒಂದೇ ಬಸ್ಸಿನಲ್ಲಿ ಹೋಗಿ, ಜನಜಂಗುಳಿಯಲ್ಲಿ ಅರ್ಧ ದಿನ ನಿಂತು, ಅವರನ್ನು ನೋಡಿ ಬಂದರು. ಹೇಗಿದ್ದರು ಎಂದು ಮನೆಯವರೆಲ್ಲ ಕೇಳಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ, “ರೇಡಿಯೋದಲ್ಲಿ ಇದ್ದಷ್ಟು ಎತ್ತರ ಇಲ್ಲ” ಎಂದರು. ಮೇಷ್ಟ್ರು ನಕ್ಕರು. ಇಂದಿರಾ ಗಾಂಧಿಯವರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು. 1980ರಲ್ಲಿ ಮತ್ತೆ ಪ್ರಧಾನಿಯಾದರು. ಇವೆಲ್ಲವನ್ನೂ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕೇಳಿದರು. ವಾರ್ತೆ ಮುಗಿದೊಡನೆ ದೊಡ್ಡಪ್ಪ ಮೇಷ್ಟ್ರ ಕಡೆ ತಿರುಗಿ, “ಏನು ಬಿಟ್ಟಿದ್ದಾರೆ?” ಎಂದು ಕೇಳುವುದು ಒಂದು ಪದ್ಧತಿಯೇ ಆಗಿಹೋಗಿತ್ತು.

ಈಗ ಆ ಜಗಲಿಯಿಲ್ಲ. ರೇಡಿಯೋ ಪರವಾನಗಿಯೂ ಹೋಗಿ ದಶಕಗಳಾದವು. ಹಾಸನದಲ್ಲಿಯೇ ಆಕಾಶವಾಣಿ ಕೇಂದ್ರವಿದೆ. ಆಲೂರು, ಸಕಲೇಶಪುರದ ಕಡೆ ಈಗ ದೊಡ್ಡ ಚಿಂತೆ ಕಾಡಾನೆಗಳದು. 2014ರಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಆನೆಗಳು ಇವೆ. 2023ರ ಡಿಸೆಂಬರಿನಲ್ಲಿ ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ನಮ್ಮ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ, ಕಾಡಾನೆಯ ಎದುರು ಕಾದಾಡಿ ಸತ್ತಾಗ ನಾಡಿಗೆ ನಾಡೇ ಮರುಗಿತು. ಆನೆಗಳು ಎಲ್ಲಿವೆ ಎಂಬ ಸೂಚನೆ ಈಗ ಜನರ ಮೊಬೈಲಿಗೆ ಬರುತ್ತದೆ. ನನ್ನ ತಮ್ಮನ ಮಗ ಅದನ್ನು ನೋಡಿಯೇ ಗದ್ದೆಗೆ ಹೋಗುತ್ತಾನೆ, ಅದನ್ನು ನಂಬಿಯೇ ಬದುಕಿದ್ದಾನೆ. ಅದೇ ಮೊಬೈಲಿನಲ್ಲಿ ಹೊಸ ಚಿತ್ರದ ಹಾಡು ಬರುತ್ತದೆ, ಯಾವ ಪಕ್ಷ ದೇಶವನ್ನು ಉಳಿಸುತ್ತದೆಂಬ ಭಾಷಣ ಬರುತ್ತದೆ, ಯಾವ ಜಾತಿಯವರನ್ನು ಅಂಗಳದಾಚೆ ಇಡಬೇಕೆಂಬ ಉಪದೇಶವೂ ಬರುತ್ತದೆ. ಎಲ್ಲವೂ ಮತ್ತೆ ಒಂದೇ ಬಾಗಿಲಿನಿಂದ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಅವನು ನೆರೆಯೂರಿನವರ ಬಗ್ಗೆ ಏನೋ ಒಂದು ಕೆಟ್ಟ ಸುದ್ದಿಯನ್ನು ಓದಿ ಹೇಳಿದ. ನಿಜವೇ ಎಂದು ಕೇಳಿದೆ. “ಮೊಬೈಲಲ್ಲಿ ಬಂದಿದೆ ದೊಡ್ಡಪ್ಪ” ಎಂದ. ಈಗ ಆ ಮನೆಯಲ್ಲಿ ದೊಡ್ಡಪ್ಪ ನಾನು. ಆನೆಯ ವಿಷಯದಲ್ಲಿ ಅವನ ಮೊಬೈಲು ನಿಜವನ್ನೇ ಹೇಳಿದೆ, ಗದ್ದೆಯ ವಿಷಯದಲ್ಲಿ ನಮ್ಮ ಪೆಟ್ಟಿಗೆ ಹೇಳಿದ ಹಾಗೆ. ಅವನೊಡನೆ ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ. ಹಳೆಯ ಪದ್ಧತಿಯಂತೆ, “ಅದರಲ್ಲಿ ಏನು ಬಿಟ್ಟಿದ್ದಾರೆ, ನೋಡು” ಎಂದಷ್ಟೇ ಹೇಳಿದೆ. ಅವನು ಮತ್ತೊಮ್ಮೆ ಓದಿದ, ಯೋಚಿಸಿದ. ಅನಂತರ ಆ ಊರಿನಲ್ಲಿದ್ದ ತನ್ನ ಗೆಳೆಯನಿಗೆ ಫೋನು ಮಾಡಲು, ಸಿಗ್ನಲ್ಲು ಸಿಗುವ ಜಾಗವನ್ನು ಹುಡುಕುತ್ತ ಮಳೆಯಲ್ಲಿಯೇ ಅಂಗಳಕ್ಕೆ ಇಳಿದ.